ಹೋಗುವಾಗ ಬಲಗಾಲು, ಬರುವಾಗ ಎಡಗಾಲು

ಕೆಲವರಿಗೆ ದೇವರು ಕೈಚಳಕ ಕೊಡುತ್ತಾನೆ, ಕೆಲವರಿಗೆ ಅದನ್ನು ನಾಲ್ಕು ಜನರ ಮುಂದೆ ಬಿಚ್ಚದೆ ಸುಮ್ಮನಿರುವ ಬುದ್ಧಿ ಕೊಡುತ್ತಾನೆ. ಮೊದಲನೆಯದನ್ನು ಹಂಚುವಾಗ ಟೈಲಪ್ಪ ಸಾಲಿನಲ್ಲಿ ಎಲ್ಲರಿಗಿಂತ ಮುಂದಿದ್ದ. ಎರಡನೆಯದನ್ನು ಹಂಚುವ ಹೊತ್ತಿಗೆ, ಸಿಕ್ಕಿದ್ದನ್ನು ಯಾರಿಗೋ ತೋರಿಸಲು ಹೋಗಿಬಿಟ್ಟಿದ್ದ.

ಟೈಲಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ನೆಲಕ್ಕೂ ಬಚ್ಚಲಿಗೂ ಹಾಕುವ ಟೈಲ್ಸ್ ಮಾರುವ ಅಂಗಡಿಯಲ್ಲಿ ಅವನಿಗೆ ಕೆಲಸ, ಹೆಸರು ಬೀದಿಯವರದು. ನೀಲಿ ಚೌಕದ ಪಕ್ಕ ಬೂದು, ಬೂದಿನ ಪಕ್ಕ ಬಿಳಿ ಎಂದು ಗಿರಾಕಿಗಳ ಮುಂದೆ ಜೋಡಿಸಿ ಜೋಡಿಸಿ ಅವನ ಕಣ್ಣಿಗೆ ಜಗತ್ತೇ ಚೌಕಗಳಾಗಿ ಹೋಗಿತ್ತು. ಹೆಂಡತಿ ಹೊಸ ಬಟ್ಟೆ ತೊಟ್ಟು ಹೇಗಿದೆ ಎಂದು ಕೇಳಿದರೆ, ಅಂಚಿನಲ್ಲಿ ಒಂದು ಸಾಲು ಕಡಿಮೆ ಮಾಡಬಹುದಿತ್ತು ಎನ್ನುತ್ತಿದ್ದ. ಆಮೇಲೆ ಊಟ ತಣ್ಣಗಿದ್ದರೆ ಯಾಕೆ ಎಂದು ಆಶ್ಚರ್ಯಪಡುತ್ತಿದ್ದ.

ಈ ಕಣ್ಣಿಗೆ ತಕ್ಕ ಹುಚ್ಚೂ ಒಂದು ಸಿಕ್ಕಿತು. ಅವನು ಚಿಕ್ಕವನಿದ್ದಾಗ ಆಡಿದ್ದ ವಿಡಿಯೊ ಗೇಮ್ ಒಂದಿತ್ತು. ಕೋಟೆ, ಸುರಂಗ, ಕಳೆದುಹೋದ ರಾಜಕುಮಾರ. ಮಾಡಿದ ಕಂಪನಿ ಯಾವತ್ತೋ ಬಾಗಿಲು ಹಾಕಿತ್ತು, ರಾಜಕುಮಾರ ಸಿಕ್ಕಿರಲಿಲ್ಲ. ಆ ಸಂಕಟ ತಡೆಯಲಾರದ ಅಭಿಮಾನಿಗಳು ಇಂಟರ್ನೆಟ್ಟಿನಲ್ಲಿ ಗುಂಪುಕೂಡಿ ಮುಂದಿನ ಭಾಗವನ್ನು ತಾವೇ ಮಾಡಲು ಹೊರಟಿದ್ದರು. ಸಂಬಳವಿಲ್ಲ, ಸನ್ಮಾನವಿಲ್ಲ. ಆಟದ ಗೊಂಬೆಗಳೆಲ್ಲ ಹಳೇ ರೀತಿಯವೇ ಆಗಬೇಕು, ಅಂದರೆ ಪರದೆಯ ಮೇಲೆ ಸಾಸಿವೆಯಷ್ಟು ಬಣ್ಣದ ಚೌಕಗಳನ್ನು ಒಂದೊಂದಾಗಿ ಕೂರಿಸಿ ಮಾಡಿದ ಗೊಂಬೆಗಳು. ಕಾಲು ಎತ್ತಿದ ಗೊಂಬೆ ಒಂದು, ಇಳಿಸಿದ ಗೊಂಬೆ ಇನ್ನೊಂದು, ಹೀಗೆ ಬರೆದು ಒಂದರ ಹಿಂದೊಂದು ಓಡಿಸಿದರೆ ಗೊಂಬೆ ನಡೆಯುತ್ತದೆ. ಟೈಲಪ್ಪನಿಗೆ ಸಿಕ್ಕ ಪಾಲು ಕೋಟೆಬಾಗಿಲ ಮುದಿ ಕಾವಲುಗಾರ. ಬಾಗಿಲ ಮುಂದೆ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ನಡೆಯುವುದು, ಅಷ್ಟೇ ಅವನ ಬದುಕು. ಟೈಲಪ್ಪ ಮಾತ್ರ ಬೀದಿಗೆಲ್ಲ 'ಒಂದು ಗೇಮ್ ಮಾಡ್ತಿದೀನಿ' ಎಂದೇ ಹೇಳಿಕೊಂಡಿದ್ದ. ಗಾಡಿಗೆ ಗಾಳಿ ಹೊಡೆದವನು ಗಾಡಿ ಮಾಡಿದೆ ಎಂದ ಹಾಗೆ.

ಆ ಗುಂಪಿನ ಯಜಮಾನನನ್ನು ಯಾರೂ ಕಂಡವರಿಲ್ಲ. ಗಂಡೋ ಹೆಣ್ಣೋ, ಎಲ್ಲಿಯವರೋ, 'ಗೂಬೆ' ಎಂಬ ಹೆಸರಿನಲ್ಲಿ ಸಂದೇಶ ಬರೆಯುವುದು. ಟೈಲಪ್ಪ ಕಳಿಸಿದ ಮೊದಲ ನಡಿಗೆಯನ್ನು ನೋಡಿ ಗೂಬೆ ಬರೆಯಿತು: 'ಗುರುವೇ, ಮುದುಕ ನಡೀತಿಲ್ಲ. ಯಾರೋ ಹಿಂದಿನಿಂದ ತಳ್ತಿದಾರೆ.' ಎರಡನೆಯದಕ್ಕೆ, 'ಈಗ ತಳ್ತಿಲ್ಲ, ನೆಲಕ್ಕೆ ಎಣ್ಣೆ ಹಾಕಿದಾರೆ.' ಮೂರನೆಯದೂ ಹೀಗೇ ಬಂದರೆ ಕಾವಲುಗಾರನನ್ನು ಬೇರೆಯವರಿಗೆ ಕೊಡುವುದಾಗಿಯೂ ತಿಳಿಸಿತು.

ಟೈಲಪ್ಪ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಎದುರಿಗೆ ಮಾವ ನಡೆದುಹೋದರು.

ಮಾವ ಎಂದರೆ ಹೆಂಡತಿಯ ತಂದೆ, ಇವರ ಜೊತೆಗೇ ಇರುವವರು. ಬಲಮೊಣಕಾಲು ಮಡಿಸುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಬಲಗಾಲನ್ನು ಹೊರಗೆ ಬೀಸಿ, ಅರ್ಧಚಂದ್ರ ಬರೆದು, ನೆಲಕ್ಕೆ ತಾಗಿಸಿ, ಭುಜವನ್ನು ಒಂದಿಷ್ಟು ಇಳಿಸಿ, ಮತ್ತೆ ರಾಜಗಾಂಭೀರ್ಯದಿಂದ ಎದ್ದು, ಹೀಗೆ ಅಡುಗೆಮನೆಯಿಂದ ಬಾಲ್ಕನಿಗೆ ಹೋಗುವಷ್ಟರಲ್ಲಿ ಒಂದು ಮೆರವಣಿಗೆಯೇ ಹೋದಂತೆ ಇರುತ್ತಿತ್ತು. ಟೈಲಪ್ಪನಿಗೆ ರೋಮಾಂಚನವಾಯಿತು. ಇಷ್ಟು ದಿನ ಕಾವಲುಗಾರ ತನ್ನ ಮನೆಯಲ್ಲೇ ಉಂಡು ಮಲಗುತ್ತಿದ್ದ, ತಾನು ಕೋಟೆಯಲ್ಲಿ ಹುಡುಕುತ್ತಿದ್ದ.

ಅಂದಿನಿಂದ ಮಾವ ಎದ್ದರೆ ಅಳಿಯ ಎದ್ದ. ಮಾವ ಬಚ್ಚಲಿಗೆ ಹೋದರೆ ಅಳಿಯ ಬಾಗಿಲವರೆಗೆ ಹಿಂಬಾಲಿಸಿದ. ನೆಲಕ್ಕೆ ಗಲ್ಲ ಹಚ್ಚಿ ಮಲಗಿ ಕಾಲು ನೋಡಿದ. ಮಾವನಿಗೆ ಸಿಟ್ಟು ಬಂದಷ್ಟೂ ಮಾತಿನಲ್ಲಿ ಮರ್ಯಾದೆ ಹೆಚ್ಚುತ್ತಿತ್ತು.

"ಅಳಿಯಂದ್ರೇ, ತಾವು ಏನಾದ್ರೂ ಕಳ್ಕೊಂಡಿದೀರಾ? ನನ್ನ ಕಾಲಡಿ ಸಿಗೋ ಹಾಗಿದ್ರೆ ಹೇಳಿ, ಎತ್ತಿ ಕೊಡ್ತೀನಿ."

ಟೈಲಪ್ಪ ಹಲ್ಲುಕಿರಿದು ಮಲಗಿದಲ್ಲೇ ಮಲಗಿದ.

ಕೊನೆಗೂ ಗೊಂಬೆ ಎಡದಿಂದ ಬಲಕ್ಕೆ ನಡೆಯಿತು. ಆ ಅರ್ಧಚಂದ್ರ, ಆ ಭುಜ, ಆ ಗಾಂಭೀರ್ಯ, ಒಂದೂ ಬಿಡದೆ ಬಂದಿತ್ತು. ಇನ್ನು ಬಲದಿಂದ ಎಡಕ್ಕೆ ವಾಪಸ್ಸು ಬರುವುದನ್ನು ಯಾರಾದರೂ ಮತ್ತೆ ಬರೆಯುತ್ತಾರೆಯೇ? ಕಂಪ್ಯೂಟರಿನಲ್ಲಿ ಅದಕ್ಕೊಂದು ಗುಂಡಿ ಇದೆ. ಒತ್ತಿದರೆ ಇಡೀ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿಕೊಳ್ಳುತ್ತದೆ. ಆ ಕಡೆ ಮುಖ ಮಾಡಿದ್ದ ಗೊಂಬೆ ಈ ಕಡೆ ಮುಖ ಮಾಡುತ್ತದೆ. ಗೊಂಬೆ ಮಾಡುವವರೆಲ್ಲ ಮಾಡುವುದೇ ಅದನ್ನು. ಟೈಲಪ್ಪ ಒತ್ತಿದ. ಗೂಬೆ ಬರೆಯಿತು: 'ಗುರುವೇ, ಇವನು ಬದುಕಿದಾನೆ.'

ಇಲ್ಲಿಗೆ ಕಂಪ್ಯೂಟರ್ ಮುಚ್ಚಿ ಮಲಗಿದ್ದರೆ ಕಥೆಯೇ ಇರುತ್ತಿರಲಿಲ್ಲ. ಟೈಲಪ್ಪ ಕಾವಲುಗಾರನ ವಿಡಿಯೊವನ್ನು ಕಟ್ಟಡದವರ ಮೊಬೈಲ್ ಗ್ರೂಪಿಗೆ ಹಾಕಿ, 'ಇದು ಯಾರ ನಡಿಗೆ, ಹೇಳಿ ನೋಡೋಣ' ಎಂದು ಸವಾಲು ಹಾಕಿದ.

ಹೇಳಲು ಎಷ್ಟು ಹೊತ್ತು ಬೇಕು? ಕಟ್ಟಡಕ್ಕೆ ಕಟ್ಟಡವೇ ಮಾವನ ಹೆಸರು ಹಿಡಿದು ಕೂಗಿತು. ಮೇಲಿನ ಮಹಡಿಯ ಸಂಗೀತದ ಟೀಚರ್ ಕಣ್ಣಲ್ಲಿ ನೀರು ಬಂತೆಂದು ಬರೆದರು. ಎದುರುಮನೆಯ ಹಲ್ಲಿನ ಡಾಕ್ಟರು ಚಪ್ಪಾಳೆಯ ಗುರುತು ಒತ್ತಿದರು. ಮಾವ ಕೂಡ ಕನ್ನಡಕ ಏರಿಸಿ ಎರಡು ಸಲ ನೋಡಿ, ಹೊಟ್ಟೆ ಸ್ವಲ್ಪ ಜಾಸ್ತಿ ಆಯಿತೆಂದರು. ಬೈದದ್ದಲ್ಲ, ಮೆಚ್ಚಿಕೊಂಡದ್ದು. ಟೈಲಪ್ಪ ಆ ಸಂಜೆ ಮೆಟ್ಟಿಲನ್ನು ಬೇಕೆಂದೇ ಐದಾರು ಸಲ ಹತ್ತಿ ಇಳಿದ, ಎದುರು ಸಿಕ್ಕವರು ಹೊಗಳಲಿ ಎಂದು.

ಎದುರು ಸಿಕ್ಕವರು ಸೆಕ್ರೆಟರಿ.

ಕಟ್ಟಡದ ಸಂಘಕ್ಕೆ ಸೆಕ್ರೆಟರಿಯಾದ ಈ ಮನುಷ್ಯನಿಗೆ ಎರಡು ಆಸ್ತಿ. ಒಂದು, ನಿಯಮ. ಎರಡು, ಕೂದಲು. ನೆತ್ತಿ ಬೋಳಾಗಿದ್ದರೂ ಬಲಗಿವಿಯ ಮೇಲೆ ಉದ್ದ ಬೆಳೆಸಿದ ಒಂದು ಹಿಡಿ ಕೂದಲನ್ನು ತಲೆಯ ಮೇಲಿಂದ ಸಾಗಿಸಿ ಎಡಗಿವಿಗೆ ಮುಟ್ಟಿಸಿ ಕೂರಿಸುತ್ತಿದ್ದರು. ಗಾಳಿ ಬೀಸಿದರೆ ಗೋಡೆಗೆ ಒತ್ತಿ ನಿಲ್ಲುತ್ತಿದ್ದರು. ಕಟ್ಟಡದ ಲಿಫ್ಟ್ ಹಳೆಯದು, ಕೀಲಿ ಹಾಕಿ ತಿರುಗಿಸಿದರೆ ಏಳುವಂಥದ್ದು. ಎರಡನೇ ಮಹಡಿಯವರೆಗಿನವರು ಮೆಟ್ಟಿಲನ್ನೇ ಬಳಸಬೇಕೆಂಬ ನಿಯಮ ಅವರದೇ. ಆ ನಿಯಮಕ್ಕೆ ಒಂದೇ ಒಂದು ತೂತು ಬಿದ್ದಿತ್ತು, ಅದು ಎರಡನೇ ಮಹಡಿಯ ಮಾವ. ಕಾಲು ನೋಡಿ ಸಂಘ ಅವರಿಗೊಂದು ಕೀಲಿ ಕೊಟ್ಟಿತ್ತು. ಆ ತೂತು ಸೆಕ್ರೆಟರಿಗೆ ಹಲ್ಲಿನ ಸಂದಿಯ ನಾರಿನ ಹಾಗೆ, ನಾಲಿಗೆ ಸದಾ ಅಲ್ಲಿಗೇ ಹೋಗುತ್ತಿತ್ತು.

ಸೆಕ್ರೆಟರಿ ಮೊಬೈಲನ್ನು ಟೈಲಪ್ಪನ ಮೂಗಿಗೆ ಹಿಡಿದರು.

"ಹೋಗೋವಾಗ ಯಾವ ಕಾಲು ಕುಂಟ್ತಿದೆ?"

"ಬಲಗಾಲು ಸಾರ್," ಎಂದ ಟೈಲಪ್ಪ, ಹೊಗಳಿಕೆಗೆ ಕತ್ತು ಬಗ್ಗಿಸಿ.

"ಬರೋವಾಗ?"

ಟೈಲಪ್ಪ ನೋಡಿದ. ಗುಂಡಿ ಒತ್ತಿದ ಮೇಲೆ ಅವನು ಅದನ್ನು ನೋಡಿಯೇ ಇರಲಿಲ್ಲ. ವಾಪಸ್ಸು ಬರುತ್ತಿದ್ದ ಕಾವಲುಗಾರ ಎಡಗಾಲಿನಲ್ಲಿ ಅರ್ಧಚಂದ್ರ ಬರೆಯುತ್ತಿದ್ದ. ಬಲಗೈಯಲ್ಲಿ ಹಿಡಿಸಿದ್ದ ಚೀಲ ಕೂಡ ಎಡಗೈಗೆ ಹೋಗಿತ್ತು. ಚೀಲದ ಬಗ್ಗೆ ಯಾರೂ ತಕರಾರು ಮಾಡಲಿಲ್ಲ.

"ಸ್ವಂತ ಅಳಿಯ," ಎಂದರು ಸೆಕ್ರೆಟರಿ. "ನೀವೇ ಹೇಳ್ಕೊಂಡ ಹಾಗೆ ದಿನಾ ಹಿಂದೆ ಬಿದ್ದು, ನೆಲದ ಮೇಲೆ ಮಲಗಿ ನೋಡಿ ಬರೆದಿರೋದು. ಲಿಫ್ಟಿಗೋಸ್ಕರ ಕುಂಟೋ ನಾಟಕ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?"

ಮೂಗಿನ ಮೇಲೆ ಕೂತ ನೊಣ ಓಡಿಸಲು ಹೋಗಿ ಮೂಗನ್ನೇ ಜಜ್ಜಿಕೊಳ್ಳುವುದು ಟೈಲಪ್ಪನ ಜಾಯಮಾನ. ಅದು ಮಾವನ ತಪ್ಪಲ್ಲ, ಚಿತ್ರವನ್ನು ಕನ್ನಡಿಯ ಹಾಗೆ ತಿರುಗಿಸಿದ್ದು ಎಂದು ವಿವರಿಸಿದ. ಸೆಕ್ರೆಟರಿಯ ತಲೆಗೆ ಹತ್ತಲಿಲ್ಲ. ಹಾಗಾದರೆ ಕಣ್ಣಾರೆ ನೋಡಿ ಎಂದು ಅವರನ್ನು ಮನೆಗೆ ಕರೆತಂದು, ಬೀರುವಿನ ಕನ್ನಡಿಯ ಮುಂದೆ ಮಾವನನ್ನು ನಿಲ್ಲಿಸಿ ನಡೆಯಲು ಹೇಳಿದ.

"ಸಾರ್, ಇಲ್ಲಿರೋ ಮಾವಂದು ಬಲಗಾಲು. ಕನ್ನಡಿ ಒಳಗಿನ ಮಾವಂದು?"

ಸೆಕ್ರೆಟರಿ ಬಗ್ಗಿ ನೋಡಿದರು. "ಎಡಗಾಲು."

"ಅಷ್ಟೇ ಸಾರ್."

"ನೀವೇ ಒಪ್ಕೊಂಡ್ರಲ್ಲ," ಎಂದು ಸೆಕ್ರೆಟರಿ ಹೊರಟೇಬಿಟ್ಟರು. ಹೋಗುವ ಮುಂಚೆ ಕನ್ನಡಿಯಲ್ಲಿ ಒಮ್ಮೆ ಕೂದಲು ನೋಡಿಕೊಂಡರು.

ಸುದ್ದಿಗೆ ಲಿಫ್ಟ್ ಬೇಕಾಗುವುದಿಲ್ಲ. ಅರ್ಧ ದಿನದಲ್ಲಿ ಅದು ಎಲ್ಲ ಮಹಡಿಯನ್ನೂ ಹತ್ತಿತು. ಆ ಮನುಷ್ಯ ಒಮ್ಮೆ ಬಸ್ಸಿಗೆ ಓಡಿದ್ದನ್ನು ಕಂಡೆ ಎಂದು ಒಬ್ಬರಿಗೆ ನೆನಪಾಯಿತು. ಮತ್ತೊಬ್ಬರಿಗೆ ಆ ಬಸ್ಸಿನ ಬಣ್ಣವೂ ನೆನಪಾಯಿತು. ದೂರದ ಊರಿನಿಂದ ಹೆಂಡತಿಯ ಅಕ್ಕ ಫೋನ್ ಮಾಡಿ, ಅಪ್ಪನಿಗೆ ಎಡಗಾಲೂ ಹೋಯಿತಂತಲ್ಲ, ನನಗೆ ಹೇಳಲೇ ಇಲ್ಲ ಎಂದು ಅತ್ತಳು. ಕಾಲಿನ ಡಾಕ್ಟರ ಹತ್ತಿರ ಒಂದು ಚೀಟಿ ಬರೆಸಿ ಸೆಕ್ರೆಟರಿಯ ಮುಖಕ್ಕೆ ಎಸೆಯೋಣ ಎಂದು ಮನೆಯಲ್ಲಿದ್ದ ಮಗಳು ಹೇಳಿದರೆ ಮಾವ ಒಪ್ಪಲಿಲ್ಲ. ನನ್ನ ಕಾಲಿಗೆ ನಾನೇ ಸಾಕ್ಷಿ, ಚೀಟಿ ಹಿಡಿದು ಲಿಫ್ಟಿಗೆ ಭಿಕ್ಷೆ ಬೇಡುವವನಲ್ಲ ಎಂದರು.

ಸಭೆ ಕರೆದರು. ಗಾಡಿಗಳನ್ನು ಪಕ್ಕಕ್ಕೆ ಸರಿಸಿ, ನೆಲಮಹಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದರು. ವೈದ್ಯಕೀಯ ಅಭಿಪ್ರಾಯಕ್ಕೆಂದು ಹಲ್ಲಿನ ಡಾಕ್ಟರನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಕತ್ತಿನಿಂದ ಮೇಲಿನದಾದರೆ ತಾನು ಹೇಳಬಲ್ಲೆ, ಕೆಳಗಿನದು ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ಅವರು ಮೊದಲೇ ಹೇಳಿದರೂ ಯಾರೂ ಕೇಳಲಿಲ್ಲ. ಮಾವ ಈ ಗೋಡೆಯಿಂದ ಆ ಗೋಡೆಗೆ ನಡೆದು ವಾಪಸ್ಸು ಬರಬೇಕು, ಅಷ್ಟೇ.

ಉಸಿರಾಡುವುದು, ನುಂಗುವುದು, ನಡೆಯುವುದು, ಇವು ಯೋಚನೆ ಮಾಡದಿದ್ದಾಗ ಮಾತ್ರ ಸರಿಯಾಗಿ ನಡೆಯುವ ಕೆಲಸಗಳು. ಇಡೀ ಕಟ್ಟಡ ಕಾಲನ್ನೇ ನೋಡುತ್ತಿದ್ದರೆ ಯಾವ ಕಾಲು ತಾನೇ ನೆಟ್ಟಗಿರುತ್ತದೆ? ಆ ಗೋಡೆಯವರೆಗೆ ಮಾವ ಚೆನ್ನಾಗಿಯೇ ಹೋದರು. ತಿರುಗಿದರು. ಆಗ ಸಂಗೀತದ ಟೀಚರ್ ಪಕ್ಕದವರಿಗೆ ಮೆಲ್ಲಗೆ, ಆದರೆ ಸಂಗೀತದವರ ಗಂಟಲಿನಲ್ಲಿ, ಅಂದರು:

"ಈಗ ನೋಡಿ, ಈಗ ಬದಲಾಗುತ್ತೆ."

ಮಾವ ನಿಂತುಬಿಟ್ಟರು. ಬಲಗಾಲನ್ನು ನೋಡಿದರು. ಎಡಗಾಲನ್ನು ನೋಡಿದರು. ಇಷ್ಟು ವರ್ಷ ಜೊತೆಗಿದ್ದ ಎರಡೂ ಅಪರಿಚಿತರಂತೆ ಕಂಡವು. ಎಡಗಾಲು ಎತ್ತಿ, ಇದಲ್ಲ ಎನಿಸಿ ಇಳಿಸಿ, ಬಲಗಾಲು ಎತ್ತಿ, ಇದನ್ನು ಬೇಕೆಂದೇ ಎತ್ತಿದೆ ಅಂದುಕೊಂಡಾರು ಎನಿಸಿ, ಕಡೆಗೆ ಎರಡರಲ್ಲೂ ಕುಂಟಿಕೊಂಡು ಬಂದು ಕುರ್ಚಿಗೆ ಬಿದ್ದರು. ಡಾಕ್ಟರು ಎದ್ದು ಬಾಯಿ ತೆರೆಸಿ ನೋಡಿ, ಹಲ್ಲು ಗಟ್ಟಿಯಾಗಿವೆ ಎಂದು ಪ್ರಾಮಾಣಿಕವಾಗಿ ಹೇಳಿದರು.

ಮಾವ ಜೇಬಿನಿಂದ ಕೀಲಿ ತೆಗೆದು ಸೆಕ್ರೆಟರಿಯ ಕೈಗೆ ಹಾಕಿದರು. ಮೆಟ್ಟಿಲು ಹತ್ತಿದರು. ಟೈಲಪ್ಪ ಹಿಂದೆ ಕೈ ಚಾಚಿಕೊಂಡು ಹೋದರೆ, "ತಾವು ನೋಡಿ ಸಾಕು ಅಳಿಯಂದ್ರೇ, ಮುಟ್ಟೋದು ಬೇಡ," ಎಂದರು. ಮೊದಲ ಮಹಡಿಗೆ ಬರುವಷ್ಟರಲ್ಲಿ ಬಟ್ಟೆಯೆಲ್ಲ ಬೆವರಿನಲ್ಲಿ ತೊಯ್ದಿತ್ತು. ಆಮೇಲೆ ಅವರು ಕೆಳಗಿಳಿಯಲಿಲ್ಲ.

ಇಳಿಯದಿದ್ದರೆ ಏನು ಹೋಯಿತು ಎನ್ನುವವರಿಗೆ ಚದುರಂಗ ಗೊತ್ತಿಲ್ಲ. ಬೀದಿಯಾಚೆ ಗಡಿಯಾರ ರಿಪೇರಿಯವನ ಅಂಗಡಿ, ಅದರ ಮುಂದಿನ ಬೆಂಚು, ಬೆಂಚಿನ ಮೇಲೆ ಹಲಗೆ. ಪ್ರತಿ ಸಂಜೆ ಮಾವ ಲಿಫ್ಟಿನಲ್ಲಿ ಇಳಿದು, ಬೀದಿ ದಾಟಿ, ಅವನನ್ನು ಸೋಲಿಸಿ ಬಂದರೇನೇ ಅವರಿಗೆ ಊಟ ಸೇರುತ್ತಿದ್ದದ್ದು. ಈಗ ಬಾಲ್ಕನಿಯಲ್ಲಿ ನಿಂತು, "ಆನೆ ಎರಡು ಮನೆ ಮುಂದೆ," ಎಂದು ಕೂಗುತ್ತಿದ್ದರು. ಬೀದಿಯಲ್ಲಿ ಹೋಗುವವರು ಬೆಚ್ಚಿ ಹಿಂದೆ ತಿರುಗಿ ನೋಡುತ್ತಿದ್ದರು. ಗಡಿಯಾರದವನು ಕೆಳಗಿನಿಂದ ಎರಡೂ ಕಡೆಯ ಕಾಯಿಗಳನ್ನು ತಾನೇ ನಡೆಸುತ್ತಿದ್ದ. ಎಂದೂ ಗೆಲ್ಲದವನು ದಿನಾ ಗೆಲ್ಲತೊಡಗಿದ. ಮಾವನ ಕುದುರೆ ಯಾವಾಗ ಹಲಗೆಯಿಂದ ಕೆಳಗಿಳಿಯಿತು ಎಂದು ಅಷ್ಟು ಎತ್ತರದಿಂದ ಹೇಗೆ ಕಾಣಬೇಕು?

ಮಾವ ಊಟ ಅರ್ಧಕ್ಕೆ ಬಿಟ್ಟು ಏಳುವುದನ್ನು ನೋಡಿ ನೋಡಿ ಹೆಂಡತಿ ಟೈಲಪ್ಪನ ಮುಂದೆ ಬಂದು ನಿಂತಳು.

"ರೀ, ಚೆನ್ನಾಗಿದ್ದ ಎಡಗಾಲನ್ನ ಕುಂಟು ಮಾಡಿದ್ದು ನೀವು. ನೀವೇ ನೆಟ್ಟಗೆ ಮಾಡಿ. ಅಲ್ಲೀವರೆಗೂ ನಿಮ್ಮ ಗೇಮೇ ನಿಮಗೆ ಊಟ ಹಾಕ್ಲಿ."

ಟೈಲಪ್ಪ ಅಂಗಡಿಗೆ ರಜೆ ಹಾಕಿ ಕೂತ. ಗುಂಡಿ ಒತ್ತದೆ, ವಾಪಸ್ಸು ಬರುವ ನಡಿಗೆಯನ್ನು ಮೊದಲಿನಿಂದ ಕೈಯಲ್ಲೇ ಬರೆದ. ಈ ಕಡೆ ತಿರುಗಿದರೆ ಬಲಗಾಲು ಎಡಗಾಲಿನ ಹಿಂದೆ ಅಡಗಿಕೊಳ್ಳುತ್ತದೆ. ಕಾಣದ ಕಾಲು ಕುಂಟುವುದನ್ನು ಕಾಣುವ ಹಾಗೆ ಮಾಡುವುದೆಂದರೆ ಬಾಗಿಲ ಹಿಂದಿನ ಜಗಳವನ್ನು ಚಿತ್ರ ಬರೆದ ಹಾಗೆ. ಅಂತೂ ಭುಜದ ಇಳಿತದಲ್ಲಿ, ಚಪ್ಪಲಿಯ ತುದಿಯಲ್ಲಿ ಅದನ್ನು ಹಿಡಿದ. ಗೆದ್ದೆ ಎಂದು ಗ್ರೂಪಿಗೆ ಹಾಕಿದ. ತಕ್ಷಣ ಸೆಕ್ರೆಟರಿಯ ಉತ್ತರ ಬಂತು: 'ಸಾಕ್ಷಿ ತಿದ್ದಲಾಗಿದೆ. ಎಲ್ಲರೂ ಗಮನಿಸಿ.' ಎಲ್ಲರೂ ಗಮನಿಸಿದರು.

ಅದೇ ಹೊತ್ತಿಗೆ ಗೂಬೆಯಿಂದ ಸಂದೇಶ: ಕೋಟೆಗೆ ಒಬ್ಬ ಮಂತ್ರಿ ಬೇಕು, ಗತ್ತಿನಿಂದ ಬಂದು ಕಾವಲುಗಾರನಿಗೆ ಗದರಿ ಹೋಗುವಂಥವನು, ಬೇಗ ಬೇಕು. ಟೈಲಪ್ಪನ ತಲೆಯಲ್ಲಿ ಉಪಾಯ ಹೊಳೆಯಿತು. ಅವನೇನಾದರೂ ಬುದ್ಧಿವಂತನಾಗಿದ್ದರೆ ಮುಂದೆ ನಡೆದದ್ದಕ್ಕೆ ಸೇಡು ಎಂದು ಹೆಸರಿಡಬಹುದಿತ್ತು. ಅವನು ಮಾಡಿದ್ದು ಸೆಕ್ರೆಟರಿಯನ್ನು ಒಲಿಸಿಕೊಳ್ಳಲು. ಮಂತ್ರಿಗೆ ಸೆಕ್ರೆಟರಿಯ ಮುಖ ಇಟ್ಟ, ಎದೆ ಇಟ್ಟ, ಹೊಳೆಯುವ ನಿಲುವಂಗಿ ತೊಡಿಸಿದ. ಕೂದಲಿಗಂತೂ ಒಂದಿಡೀ ಸಂಜೆ ಕೊಟ್ಟ. ಬಲಗಿವಿಯ ಮೇಲಿನ ಬೈತಲೆ, ಅಲ್ಲಿಂದ ಹೊರಟ ಒಂದೊಂದು ಎಳೆ, ನಡುವೆ ಇಣುಕುವ ನೆತ್ತಿಯ ಹೊಳಪು, ಏನನ್ನೂ ಬಿಡಲಿಲ್ಲ. ಮಂತ್ರಿ ಬರುವುದು ಮುಗಿಯಿತು. ಹೋಗುವುದಕ್ಕೆ, ಸುಸ್ತಾಗಿತ್ತು ನೋಡಿ, ಬೆರಳು ತಾನಾಗಿ ಆ ಗುಂಡಿಯ ಮೇಲೆ ಹೋಯಿತು.

'ನಮ್ಮ ಸೆಕ್ರೆಟರಿ ಸಾಹೇಬರಿಗೆ ಗೌರವಪೂರ್ವಕ' ಎಂದು ಬರೆದು ಗ್ರೂಪಿಗೆ ಹಾಕಿ ಅವನು ಅಂಗಡಿಗೆ ಹೋದ.

ಸಂಜೆ ವಾಪಸ್ಸು ಬಂದಾಗ ಲಿಫ್ಟಿನ ಮುಂದೆ ಜನ ಜಮಾಯಿಸಿದ್ದರು. ನಡುವೆ ಸೆಕ್ರೆಟರಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಗೋಡೆಗೆ ಒತ್ತಿ ನಿಂತಿದ್ದರು. ಸಂಗೀತದ ಟೀಚರ್ ಮೊಬೈಲ್ ಹಿಡಿದು ಎಲ್ಲರಿಗೂ ವಿವರಿಸುತ್ತಿದ್ದರು: ಬರುವಾಗ ಬೈತಲೆ ಬಲಗಿವಿಯ ಮೇಲೆ, ಹೋಗುವಾಗ ಎಡಗಿವಿಯ ಮೇಲೆ, ಸ್ವಂತ ಕೂದಲು ಹಾಗೆ ತಿರುಗುವುದಿಲ್ಲ, ತಿರುಗುವುದು ವಿಗ್ಗು. ಗಾಳಿಗೆ ಅವರು ಗೋಡೆ ಹಿಡಿಯುವುದು ಯಾಕೆಂದು ಎಲ್ಲರಿಗೂ ಈಗ ಅರ್ಥವಾಗಿತ್ತು. ಹಲ್ಲಿನ ಡಾಕ್ಟರು ಅಂಗಿಯ ತೋಳು ಮಡಿಸುತ್ತಿದ್ದರು.

"ಇದು ಕತ್ತಿನ ಮೇಲಿನ ವಿಷಯ. ನನ್ನ ವ್ಯಾಪ್ತಿ. ಒಂದೇ ಒಂದು ಸಲ ಎಳೆದು ನೋಡ್ತೀನಿ, ಸಾರ್. ನೋವಾಗಲ್ಲ."

"ಮುಟ್ಟಬೇಡಿ," ಎಂದರು ಸೆಕ್ರೆಟರಿ. ಟೈಲಪ್ಪ ಕಂಡದ್ದೇ ತಡ ಕುತ್ತಿಗೆಪಟ್ಟಿ ಹಿಡಿದು ಜನರ ನಡುವೆ ಎಳೆದುಕೊಂಡರು. "ಹೇಳಯ್ಯ ಇವರಿಗೆ. ಗುಂಡಿ ಒತ್ತಿದೀಯ ತಾನೇ?"

"ಒತ್ತಿದೀನಿ ಸಾರ್. ಮರೆತು..."

"ಕೇಳಿದ್ರಾ? ಒಂದೇ ಚಿತ್ರ ರೀ ಅದು. ಬರೋದಕ್ಕೆ ಮಾತ್ರ ಬರೆದಿದಾನೆ. ಹೋಗೋದಕ್ಕೆ ಅದನ್ನೇ ಕನ್ನಡಿ ಥರ ತಿರುಗಿಸಿದಾನೆ, ಸೋಮಾರಿ. ತಿರುಗಿಸಿದ್ರೆ ಬಲ ಇದ್ದಿದ್ದು ಎಡಕ್ಕೆ ಬರುತ್ತೆ, ಎಡ ಇದ್ದಿದ್ದು ಬಲಕ್ಕೆ ಹೋಗುತ್ತೆ. ಚಿಕ್ಕ ಮಗೂಗೂ ಅರ್ಥ ಆಗುತ್ತೆ. ಅದು ಚಿತ್ರದ ತಪ್ಪು, ಮನುಷ್ಯನ ತಪ್ಪಲ್ಲ."

ಟೈಲಪ್ಪ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಇಷ್ಟು ಚೆನ್ನಾಗಿ ತನಗೆ ವಿವರಿಸಲು ಬಂದಿರಲಿಲ್ಲವಲ್ಲ ಎಂದು ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು. ಅವನ ತಲೆಗೆ ಅದಕ್ಕಿಂತ ಹೆಚ್ಚಿನದು ಹೊಳೆಯಲೇ ಇಲ್ಲ. ಹೊಳೆದದ್ದು ಮೇಲಿದ್ದವರಿಗೆ. ಎರಡನೇ ಮಹಡಿಯ ಮೆಟ್ಟಿಲ ಕಟಕಟೆಗೆ ಒರಗಿ ಮಾವ ಕೆಳಗೆ ಬಗ್ಗಿದ್ದರು.

"ಸೆಕ್ರೆಟರಿಯವರೇ," ಎಂದರು ಮಾವ, ತುಂಬ ಮರ್ಯಾದೆಯಿಂದ. "ಹಾಗಾದ್ರೆ ನನ್ನ ಕಾಲು?"

ಎಲ್ಲರೂ ತಲೆ ಎತ್ತಿ ಮೇಲೆ ನೋಡಿದರು. ಆಮೇಲೆ ತಲೆ ಇಳಿಸಿ ಸೆಕ್ರೆಟರಿಯನ್ನು ನೋಡಿದರು. ಕಾಲು ಸುಳ್ಳಾದರೆ ಕೂದಲೂ ಸುಳ್ಳು. ಕೂದಲು ನಿಜವಾದರೆ ಕಾಲೂ ನಿಜ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಡುವ ದಾರಿ ಯಾವ ನಿಯಮದಲ್ಲೂ ಇರಲಿಲ್ಲ. ಸೆಕ್ರೆಟರಿ ಒಂದು ಕೈಯನ್ನು ತಲೆಯ ಮೇಲೇ ಇಟ್ಟುಕೊಂಡು, ಇನ್ನೊಂದನ್ನು ಜೇಬಿಗೆ ಹಾಕಿ ಕೀಲಿ ತೆಗೆದರು. ಮೆಟ್ಟಿಲು ಹತ್ತಿ ಹೋಗಿ ತಾವೇ ಕೊಟ್ಟು ಬಂದರು.

ಆ ಸಂಜೆಯೇ ಮಾವ ಲಿಫ್ಟಿನಲ್ಲಿ ಇಳಿದರು. ಗಡಿಯಾರದವನು ದೂರದಿಂದಲೇ ಆ ಅರ್ಧಚಂದ್ರ ಕಂಡು, ಸದ್ದಿಲ್ಲದೆ ಕುದುರೆಯನ್ನು ಹಲಗೆಯ ಮೇಲೆ ವಾಪಸ್ಸು ಇಟ್ಟ. ರಾತ್ರಿ ಮಾವ ಎರಡನೇ ಸಲ ಬಡಿಸಿಕೊಂಡರು. ಟೈಲಪ್ಪನಿಗೂ ಊಟ ಬಿಸಿಯಾಗಿಯೇ ಸಿಕ್ಕಿತು.

ಮಾರನೇ ದಿನ ಸೆಕ್ರೆಟರಿ ಅಂಗಡಿಗೇ ಬಂದು, ಟೈಲ್ಸ್ ನೋಡುವವರಂತೆ ಎರಡು ಸುತ್ತು ಹೊಡೆದು, ಮಂತ್ರಿಯನ್ನು ಗೇಮಿನಿಂದ ತೆಗೆಯುವ ಅಗತ್ಯವೇನೂ ಇಲ್ಲ, ಬೈತಲೆ ಒಂದು ಸರಿಪಡಿಸಿದರೆ ಸಾಕು, ನಿಲುವಂಗಿಯ ತೋಳಿಗೆ ಇನ್ನೊಂದು ಸಾಲು ಹೊಳಪು ಬಂದರೂ ಅಡ್ಡಿಯಿಲ್ಲ ಎಂದು ಹೇಳಿ ಹೋದರು. ಟೈಲಪ್ಪ ಕೈಯಲ್ಲೇ ಬರೆದ.

ಭಾನುವಾರ ಅವನು ಎರಡೂ ಗೊಂಬೆಗಳನ್ನು ಕೋಟೆಯ ಮುಂದೆ ಬಿಟ್ಟು ನೋಡುತ್ತಿದ್ದಾಗ ಮಾವ ಬಂದು ಪಕ್ಕದಲ್ಲಿ ಕೂತರು. ಕಾವಲುಗಾರ ಆ ತುದಿಗೆ ಹೋದ, ಬಲಗಾಲು. ಈ ತುದಿಗೆ ಬಂದ, ಬಲಗಾಲು. ಮಾವ ಬಹಳ ಹೊತ್ತು ನೋಡಿದರು.

"ಅಳಿಯಂದ್ರೇ, ಇವನು ಬೆಳಗ್ಗೆಯಿಂದ ನಡೀತಾನೇ ಇದಾನೆ."

"ಅವನ ಕೆಲಸಾನೇ ಅದು ಮಾವ."

"ಆ ಕಾಲಲ್ಲಿ ಎಷ್ಟು ಅಂತ ನಡೀತಾನೆ? ಒಂದ್ಕಡೆ ಕೂರ್ಸಿ."

ಟೈಲಪ್ಪ ಕೋಟೆಬಾಗಿಲ ಪಕ್ಕ ಒಂದು ಮರದ ಸ್ಟೂಲು ಬರೆದ. ಕಾವಲುಗಾರ ನಾಲ್ಕು ಸುತ್ತು ನಡೆದು ಅದರ ಮೇಲೆ ಕೂತು, ಬಲಗಾಲನ್ನು ನೀಟಾಗಿ ಮುಂದೆ ಚಾಚಿದ. ಗೂಬೆ ಕೂಡಲೇ ತಗಾದೆ ತೆಗೆಯಿತು: 'ಗುರುವೇ, ಇವನು ಕೂತ್ಬಿಟ್ರೆ ಕೋಟೆ ಕಾಯೋರು ಯಾರು?'

ಏನು ಉತ್ತರ ಬರೆಯಲಿ ಎಂದು ಟೈಲಪ್ಪ ಮಾವನ ಮುಖ ನೋಡಿದ. ಮಾವ ತಮ್ಮ ಕಾಲನ್ನೂ ಸೋಫಾದಿಂದ ಮುಂದೆ ಚಾಚಿ ಒರಗಿಕೊಂಡರು.

"ಕೂತ್ಕೊಂಡೂ ಕಾಯಬಹುದು ಅಂತ ಬರೀರಿ. ಈ ಮನೇನ ಯಾರು ಕಾಯ್ತಿರೋದು ಅಂದ್ಕೊಂಡಿದೀರಾ?"